ರವಿವಾರ ರಕ್ತ ಕೊಟ್ಟ ನಾಯಿ

ನನ್ನ ನೆನಪಿನಲ್ಲಿರುವ ನಾಯಿ ಕೆಂಚು ಬಣ್ಣದ್ದು. ಅದರ ಎಡಗಿವಿಯ ತುದಿ ಹರಿದಿತ್ತು. ನಾನೇ ಕೈಯಾರೆ ತುಂಬಿದ ನಮೂನೆಯಲ್ಲಿರುವ ನಾಯಿ ಕಪ್ಪು, ಗಂಡು, ವಯಸ್ಸು ನಾಲ್ಕು, ಮೈಮೇಲೆ ಗಾಯದ ಗುರುತು ಇಲ್ಲ. ಎರಡೂ ಒಂದೇ ನಾಯಿಯಾಗಿರಲು ಸಾಧ್ಯವಿಲ್ಲ. ಆದರೆ ಸೀಸೆ ಒಂದೇ ಇತ್ತು, ಅದಕ್ಕೆ ಅಂಟಿಸಿದ ಸಂಖ್ಯೆಯೂ ಒಂದೇ. ಆ ಸೀಸೆಯ ರಕ್ತದಲ್ಲಿ ಉಣ್ಣಿ ಜ್ವರದ ಕುರುಹು ಸಿಕ್ಕಿತ್ತು.

ನಾನು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದಿದವನು. ಅಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಮರೆತುಹೋಗಿದೆ. ಯಾವುದನ್ನೂ ಕೂಡಲೇ ನಂಬಬಾರದು ಎಂಬ ಚಾಳಿ ಮಾತ್ರ ಉಳಿದಿದೆ. ಒಂದೇ ಕಡೆ ಎರಡು ವರ್ಷ ನಿಂತು ಕೆಲಸ ಮಾಡಿದವನೂ ಅಲ್ಲ. ಕಾಲೇಜಿನಲ್ಲಿ ಪಾಠ ಹೇಳಿದೆ, ಬಿಟ್ಟೆ. ಬೀಜ ಮಾರುವ ಕಂಪನಿ ಸೇರಿದೆ, ಅದನ್ನೂ ಬಿಟ್ಟೆ. ಆಮೇಲೆ ಕೊಪ್ಪಳದಲ್ಲಿ ಒಂದು ಕೋಣೆ ಹಿಡಿದು ಈ ಸಮೀಕ್ಷೆಗೆ ಸೇರಿಕೊಂಡೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಕಡೆಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಸಾಕಿದ ನಾಯಿ, ಬೆಕ್ಕುಗಳ ರಕ್ತ ತೆಗೆಯುವುದು, ಮೈಮೇಲಿನ ಉಣ್ಣಿ, ಚಿಗಟಗಳನ್ನು ಹೆಕ್ಕಿ ಸೀಸೆಗೆ ಹಾಕುವುದು ನನ್ನ ಕೆಲಸ.

ಇದರ ಹಿಂದಿನ ಲೆಕ್ಕಾಚಾರ ಸರಳ. ಉಣ್ಣಿ, ಸೊಳ್ಳೆ, ಚಿಗಟ ಮನುಷ್ಯನನ್ನು ಕಚ್ಚುವುದಕ್ಕಿಂತ ಮೊದಲು ಹೊಸ್ತಿಲಲ್ಲಿ ಮಲಗಿದ ನಾಯಿಯನ್ನು ಕಚ್ಚುತ್ತವೆ. ನಾಯಿಗೆ ಜ್ವರ ಬರದೆಯೂ ಹೋಗಬಹುದು, ಆದರೆ ಕಚ್ಚಿಸಿಕೊಂಡ ಸುದ್ದಿ ಅದರ ರಕ್ತದಲ್ಲಿ ಬಹಳ ದಿನ ಉಳಿದಿರುತ್ತದೆ. ಆ ರಕ್ತ ನೋಡಿದರೆ ಯಾವ ಓಣಿಯಲ್ಲಿ ಯಾವ ರೋಗ ಸುಳಿದಾಡುತ್ತಿದೆ ಎಂದು ಜನ ಹಾಸಿಗೆ ಹಿಡಿಯುವ ಮೊದಲೇ ತಿಳಿಯಬಹುದು. ನಾಯಿಯಿಂದ ನೇರವಾಗಿ ಈ ರೋಗಗಳು ಬರುವುದಿಲ್ಲ. ನಾಯಿಯನ್ನು ಕಚ್ಚಿದ ಉಣ್ಣಿಯೇ ನಮ್ಮನ್ನೂ ಕಚ್ಚುತ್ತದೆ, ಇಲ್ಲವೇ ಉಗುರಿನಲ್ಲಿ ಅದನ್ನು ಹಿಸುಕಿದಾಗ ಅದರೊಳಗಿನದು ಬೆರಳಿನ ಗಾಯದಿಂದ ಒಳಗೆ ಹೋಗುತ್ತದೆ. ಇಷ್ಟನ್ನು ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದೆ.

ನನ್ನ ಜೊತೆಗೆ ದನದ ದವಾಖಾನೆಯಿಂದ ನಿವೃತ್ತರಾದ ಒಬ್ಬ ಕಾಂಪೌಂಡರ್ ಇದ್ದರು. ದೊಡ್ಡ ಕೈಗಳು, ಸಣ್ಣ ದನಿ. ಪ್ರತಿ ನಾಯಿಗೂ ಸಾಹೇಬ ಎನ್ನುತ್ತಿದ್ದರು. "ಸಾಹೇಬ್ರ, ಸ್ವಲ್ಪ ಕಾಲ ಕೊಡ್ರಿ" ಎಂದರೆ ಎಂಥ ನಾಯಿಯೂ ಗೊಂದಲದಲ್ಲಿ ಕಾಲು ಕೊಟ್ಟುಬಿಡುತ್ತಿತ್ತು. "ಮೂವತ್ತು ವರ್ಷ ಎಮ್ಮಿ ಹಿಂದ ನಿಂತೀನ್ರಿ ಸರ. ರಿಟೈರ್ ಆದ ಮ್ಯಾಲೆ ನಾಯಿ ಮುಂದ ನಿಂತೀನಿ. ಇದಕ್ಕ ಪ್ರಮೋಶನ್ ಅನ್ನಬೇಕು" ಎಂದು ಅವರೊಮ್ಮೆ ಹೇಳಿದ್ದು ನೆನಪಿದೆ. ಅವರೇ ಹೇಳಿದ್ದರೋ, ಬೇರೆ ಯಾರೋ ಅವರ ಬಗ್ಗೆ ಹೇಳಿದ್ದರೋ, ಈಗ ಆಣೆ ಮಾಡಿ ಹೇಳಲಾರೆ.

ನಮೂನೆಗೂ ಮನೆಯೊಳಗಿನ ನಿಜಕ್ಕೂ ತಾಳೆಯಾಗುವುದಿಲ್ಲ ಎಂಬುದು ಗಂಗಾವತಿಯಲ್ಲೇ ನನಗೆ ಗೊತ್ತಾಗಬೇಕಿತ್ತು. ಆ ಕಡೆ ಅಕ್ಕಿ ಗಿರಣಿಗಳ ಸುತ್ತ ಬೆಕ್ಕುಗಳೇ ಹೆಚ್ಚು. ಗಿರಣಿಯ ಹಿಂದಿನ ಒಂದು ಮನೆಯಲ್ಲಿ ಹೆಂಗಸೊಬ್ಬಳು ಅಕ್ಕಿ ಆರಿಸುತ್ತ ಕುಳಿತಿದ್ದಳು. ಮೊರದ ಪಕ್ಕದಲ್ಲೇ ಬೆಕ್ಕು ಮಲಗಿತ್ತು.

"ಈ ಬೆಕ್ಕು ನಿಮ್ಮದೇನ್ರಿ?"

"ನಮ್ದಲ್ರಿ."

"ಮತ್ತ ನಿಮ್ಮ ಮನಿಯಾಗ ಮಲಗೈತಲ್ಲ?"

"ಮನಿ ಅದರದ ಐತಿ. ನಾವು ಬಾಡಿಗಿಗೆ ಅದೀವಿ."

ಕಾಂಪೌಂಡರ್ ನನ್ನ ಕಡೆ ತಿರುಗಿ, "ಬರೀರಿ ಸರ, ಮಾಲಕರು ಅನ್ನೋ ಜಾಗದಾಗ ಬೆಕ್ಕು ಅಂತ ಬರೀರಿ" ಎಂದರು. ನಾನು ಆ ಹೆಂಗಸಿನ ಹೆಸರನ್ನೇ ಬರೆದೆ. ಜಾಗ ಖಾಲಿ ಬಿಡುವಂತಿರಲಿಲ್ಲ.

ಇನ್ನು ಆ ರವಿವಾರದ ವಿಷಯ.

ಯಲಬುರ್ಗಾ ತಾಲ್ಲೂಕಿನಲ್ಲಿ, ಕುಷ್ಟಗಿಯ ಗಡಿಗೆ ಹತ್ತಿರದ ಒಂದು ಹಳ್ಳಿ. ಜನ ಮನೆಯಲ್ಲಿ ಸಿಗುತ್ತಾರೆಂದು ನಾವು ರಜೆಯ ದಿನವೇ ಹೋಗಿದ್ದೆವು. ಶೇಂಗಾ ಕೀಳುವ ಸುಗ್ಗಿ ಅದು, ಓಣಿಯೆಲ್ಲ ಖಾಲಿ. ಒಂದು ಮನೆಯ ಕಟ್ಟೆಯ ಮೇಲೆ ಮಾತ್ರ ಒಬ್ಬ ಮುದುಕಿ ಕುಳಿತಿದ್ದಳು. ಮೈಲಾರಲಿಂಗ ಮನೆದೇವರಾದ ಒಕ್ಕಲಿನ ಮನೆ. ಬಾಗಿಲ ಪಕ್ಕದ ಗೂಡಿನಲ್ಲಿ ಭಂಡಾರದ ಚೀಲ ತೂಗುಹಾಕಿತ್ತು, ಅದರಿಂದ ಉದುರಿದ ಅರಿಶಿನ ಗೋಡೆಗೆಲ್ಲ ಹತ್ತಿತ್ತು. ಅದನ್ನು ನೋಡಿದೆ, ಬರೆದುಕೊಳ್ಳಲಿಲ್ಲ. ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೊದಲು ನಮೂನೆ, ಆಮೇಲೆ ನಾಯಿ. ಇದು ನನ್ನ ಪದ್ಧತಿ. ನಾಯಿ ಹಿಡಿದ ಮೇಲೆ ಬರೆಯಲು ಕೈ ಖಾಲಿ ಇರುವುದಿಲ್ಲ. ಕಟ್ಟೆಯ ಮೇಲೆ ಕುಳಿತು ಕೇಳುತ್ತ ಹೋದೆ.

"ನಾಯಿ ಐತೇನವ್ವಾ ಮನಿಯಾಗ?"

"ಐತಿ."

"ಬಣ್ಣ ಯಾವುದು?"

"ಕರೀದು."

"ವಯಸ್ಸು?"

"ಮೊಮ್ಮಗನ್ನ ಸಾಲಿಗೆ ಹಚ್ಚಿದ ವರ್ಷ ಬಂತು. ಅವ ಈಗ ನಾಕನೇ ಕ್ಲಾಸಿನಾಗ ಅದಾನ."

"ಗಾಯ, ಹೊಡೆತದ ಗುರುತು ಏನರ?"

"ನಮ್ಮ ನಾಯಿಗೆ ಯಾರು ಹೊಡೀತಾರೋ ತಮ್ಮಾ?"

ಎಲ್ಲ ತುಂಬಿ ಸಹಿ ಮಾಡಿದೆ. ಸೂಜಿ ಹೊರಗೆ ತೆಗೆದಾಗ ಮುದುಕಿ, "ರಕ್ತ ತಗೀತೀರೇನು?" ಎಂದು ಕೇಳಿದಳು. ಒಂದೀಟು ಎಂದೆ. ಅವಳು ಕಾಂಪೌಂಡರ್ ಕಡೆ ನೋಡಿದಳು. ಅವರು ಚೀಲದೊಳಗೆ ಏನನ್ನೋ ಹುಡುಕತೊಡಗಿದರು. ಸ್ವಲ್ಪ ಹೊತ್ತಿನ ನಂತರ ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು. "ಬಿಸಿಲಾಗ ಬಂದೀರಿ. ಬರಿಗೈಲೆ ಹೆಂಗ ಕಳಸೂದು" ಎನ್ನುತ್ತ ಮನೆಯ ಹಿಂದಕ್ಕೆ ಹೋದಳು. ಕರೆಯುವ ಸದ್ದು ಕೇಳಿತು. ನಾಯಿ ಬರಲಿಲ್ಲ. ಒಳಗೆ ಹೋಗಿ ಜೋಳದ ರೊಟ್ಟಿಯ ತುಂಡು ತಂದಳು. ಆಮೇಲೆ ನಾಯಿ ರೊಟ್ಟಿಯ ಹಿಂದೆ ಹಿಂದೆ ಬಂತು.

ಕಾಂಪೌಂಡರ್ ಮುಂಗಾಲಿನಿಂದ ರಕ್ತ ತೆಗೆದರು. ನಾನು ಕಿವಿಯ ಒಳಗಿನಿಂದ ಜೋಳದ ಕಾಳಿನಂಥ ಉಣ್ಣಿಗಳನ್ನು ಚಿಮಟದಿಂದ ಹೆಕ್ಕಿದೆ. ಹೀಗಾಗಿ ಕಿವಿಯನ್ನು ನಾನು ಹತ್ತಿರದಿಂದ ನೋಡಿದವನು. ತುದಿ ಹರಿದ, ಒಣಗಿದ ಎಲೆಯ ಅಂಚಿನಂತಿದ್ದ ಆ ಕಿವಿ ಈಗಲೂ ಕಣ್ಣ ಮುಂದಿದೆ.

ಹನ್ನೆರಡನೇ ದಿನ ಪ್ರಯೋಗಾಲಯದ ವರದಿ ಬಂತು. ಆ ಹಳ್ಳಿಯ ಹನ್ನೊಂದು ಸೀಸೆಗಳಲ್ಲಿ ಒಂದರಲ್ಲಿ ಮಾತ್ರ ಉಣ್ಣಿ ಜ್ವರದ ಕುರುಹು. ನಮೂನೆ ತೆಗೆದು ನೋಡಿದೆ: ಮೈಲಾರನ ಒಕ್ಕಲಿನ ಮನೆ, ಕಪ್ಪು ನಾಯಿ. ಕಪ್ಪು ಎಂಬ ನನ್ನ ಅಕ್ಷರವನ್ನು ಎರಡು ಸಲ ಓದಿದೆ. ನನಗೆ ಕಪ್ಪು ನಾಯಿ ನೆನಪೇ ಇರಲಿಲ್ಲ.

ನೆನಪಿನ ವಿಷಯದಲ್ಲಿ ನಾನು ಮೊದಲೇ ಸೋತವನು. ಕುಷ್ಟಗಿಯಲ್ಲಿ ನಾನು ಬೆಳೆಯುವಾಗ ನಮ್ಮ ಮನೆಯಲ್ಲಿ ಒಂದು ನಾಯಿ ಇತ್ತು, ಅದು ದಿನವೂ ನನ್ನ ಹಿಂದೆ ಶಾಲೆಯವರೆಗೆ ಬರುತ್ತಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಒಮ್ಮೆ ಅವ್ವನ ಮುಂದೆಯೂ ಹೇಳಿದೆ. ಅವ್ವ ಕಾಯಿಪಲ್ಲೆ ಹೆಚ್ಚುವುದನ್ನು ನಿಲ್ಲಿಸಿ, "ನಮ್ಮನ್ಯಾಗ ನಾಯಿ ಎಲ್ಲಿತ್ತೋ? ನಿಮ್ಮಪ್ಪಗ ನಾಯಿ ಅಂದ್ರ ಆಗ್ತಿರಲಿಲ್ಲ" ಎಂದಳು. ಅಂದಿನಿಂದ ನನ್ನ ತಲೆಯೊಳಗಿನದಕ್ಕಿಂತ ಕಾಗದದ ಮೇಲಿನದನ್ನೇ ನಂಬುವುದೆಂದು ಗಟ್ಟಿಮಾಡಿಕೊಂಡಿದ್ದೆ. ಹಾಗಾಗಿ ನಮೂನೆಯೇ ಸರಿ, ಕೆಂಚು ನಾಯಿ ಬೇರೆ ಯಾವುದೋ ಹಳ್ಳಿಯದಿರಬೇಕು ಎಂದುಕೊಂಡೆ.

ಕುರುಹು ಸಿಕ್ಕ ಮನೆಗೆ ಮತ್ತೆ ಹೋಗಿ, ಯಾರಿಗಾದರೂ ಜ್ವರ ಇದೆಯೇ ಕೇಳಿ, ಉಣ್ಣಿಯ ಬಗ್ಗೆ ಎಚ್ಚರ ಹೇಳಿ ಬರಬೇಕು. ಗುರುವಾರ ಹೋದೆವು. ಮುದುಕಿ ಅದೇ ಕಟ್ಟೆಯ ಮೇಲಿದ್ದಳು. ಪಕ್ಕದಲ್ಲಿ ಕಪ್ಪು ನಾಯಿ. ಮಿರಿಮಿರಿ ಮೈ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಎಲ್ಲ ಹುಡುಕಿದೆ, ಒಂದೂ ಉಣ್ಣಿ ಇಲ್ಲ.

"ಅವತ್ತು ರಕ್ತ ಕೊಟ್ಟದ್ದು ಇದಽ ನಾಯೇನವ್ವಾ?"

"ನಮ್ಮದಽ. ಮತ್ಯಾರದು?"

ಕಾಂಪೌಂಡರನ್ನು ನೋಡಿದೆ. "ನಾಯಿ ನಾಯಿನಽ ಅಲ್ರಿ ಸರ" ಎಂದರು. ಅದು ಹೌದೋ, ಅಲ್ಲವೋ, ನನಗೆ ತಿಳಿಯಲಿಲ್ಲ.

ಮನೆಯಲ್ಲಿ ಯಾರಿಗೂ ಜ್ವರ ಇರಲಿಲ್ಲ. ಉಣ್ಣಿಯನ್ನು ಉಗುರಿನಲ್ಲಿ ಒಡೆಯಬೇಡಿ, ಸೀಮೆಎಣ್ಣೆಯಲ್ಲೋ ಸಾಬೂನಿನ ನೀರಿನಲ್ಲೋ ಹಾಕಿ ಎಂದು ಹೇಳಿ ಎದ್ದೆ. ಪಕ್ಕದ ಮನೆಗೆ ಕೀಲಿ ಹಾಕಿತ್ತು. ನಾನು ಆ ಕಡೆ ನೋಡಿದ್ದನ್ನು ಕಂಡು ಮುದುಕಿ ನೆಲ ನೋಡುತ್ತ ಹೇಳಿದಳು:

"ಬಾಜೂ ಮನಿಯಾಕಿ ಜ್ವರಕ್ಕ ಬಿದ್ದು ಕೊಪ್ಪಳಕ್ಕ ಹೋಗ್ಯಾಳ. ಸಾಲಿಯಾಗ ಬಿಸಿಯೂಟ ಮಾಡಾಕಿ. ಭಾಳ ಛಲೋ ಹೆಣಮಗಳು."

"ಎಷ್ಟು ದಿನ ಆತು?"

"ನೀವು ಬಂದು ಹೋದ ಮ್ಯಾಲೆ. ಆರೇಳು ದಿನ ಆಗಿರಬೇಕು."

ನಮೂನೆಯಲ್ಲಿ 'ಈ ಮನೆಯಲ್ಲಿ ಜ್ವರ: ಇಲ್ಲ' ಎಂದು ಬರೆದೆ. ಪ್ರಶ್ನೆ ಈ ಮನೆಯದಾಗಿತ್ತು. ಹೀಗೆ ಬರೆದು ಹೊರಟದ್ದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಕೊಪ್ಪಳಕ್ಕೆ ವಾಪಸ್ ಬರುವಾಗ ಕುಕನೂರಿನಲ್ಲಿ ಚಹಾಕ್ಕೆ ನಿಂತೆವು. ಇಟಗಿಯ ಗುಡಿ ನೋಡಿ ಬಂದ ಯಾವುದೋ ಶಾಲೆಯ ಬಸ್ಸು ನಿಂತು ಅಂಗಡಿಯೆಲ್ಲ ಗದ್ದಲವಾಗಿತ್ತು. ಬೆಂಚಿನ ಕೆಳಗೆ ಒಂದು ಬೀದಿನಾಯಿ ಕಾಂಪೌಂಡರರ ಬಿಸ್ಕತ್ತನ್ನೇ ನೋಡುತ್ತಿತ್ತು. ಅವರು ಬಿಸ್ಕತ್ತು ಮುರಿದು ಮೊದಲ ತುಂಡು ತಾವು ತಿಂದು, ಎರಡನೆಯದನ್ನು ಅದಕ್ಕೆ ಹಾಕಿದರು.

"ಇವತ್ತ ಗುರುವಾರ, ನಡೀತದ ಸಾಹೇಬ್ರ. ರವಿವಾರ ಆಗಿದ್ರ ಮೊದಲ ನಿಮಗ, ಆಮ್ಯಾಲೆ ನನಗ."

"ನೀವೂ ಮೈಲಾರನ ಒಕ್ಕಲೇನ್ರಿ?"

"ನಮ್ಮವ್ವನ ಕಡೆ."

ಚಹಾದ ಲೋಟ ಕೆಳಗಿಟ್ಟೆ. "ರವಿವಾರ ನಿಮ್ಮ ಮನಿ ನಾಯಿಗೆ ಸೂಜಿ ಹಚ್ಚಾಕ ಕೊಡ್ತೀರೇನು?"

ಅವರು ಕೈಗೆ ಹತ್ತಿದ ಬಿಸ್ಕತ್ತಿನ ಪುಡಿ ಒರೆಸಿಕೊಂಡರು. "ಕೊಡೂದಿಲ್ರಿ. ರವಿವಾರ ಮೈಲಾರನ ವಾರ, ಅವತ್ತ ಅದು ದೇವರ ನಾಯಿ. ಬೈಯೂದು ಸೈತ ಇಲ್ಲ. ರಕ್ತ ತಗಿಯೂದು ದೂರದ ಮಾತು."

"ಹಂಗಾದ್ರ ಆ ಅವ್ವ ಹೆಂಗ ಕೊಟ್ಟಳು?"

"ಅವತ್ತ ನನಗೂ ಹಂಗಽ ಅನಿಸಿತ್ರಿ."

"ಯಾಕ ಹೇಳಲಿಲ್ಲ?"

"ನೀವು ಆಗಲೇ ನಮೂನಿ ತುಂಬಿ ಸಹಿ ಮಾಡಿದ್ರಿ. ಆಕಿ ತಂದು ನಿಲ್ಲಿಸಿದಳು, ನಾ ಹಿಡದೆ. ಎಲ್ಲಿದಂತ ಕೇಳಿದ್ರ ಹಿರೇ ಮನಷಾಳ ಮಾರಿ ಸಣ್ಣದಾಗತಿತ್ತು."

"ಯಾವ ಬಣ್ಣದ್ದು ಇತ್ತು?"

"ಹನ್ನೊಂದು ನಾಯಿ ಹಿಡದೀನ್ರಿ ಅವತ್ತ. ಬಣ್ಣ ಯಾರು ನೋಡ್ತಾರ? ನಾವು ಹಲ್ಲು ನೋಡ್ತೀವಿ."

ನಮೂನೆಯ ದಿನಾಂಕ ನೋಡಿದೆ. ರವಿವಾರವೇ. ನಮೂನೆ ತುಂಬುವಾಗ ಮುದುಕಿ ಸುಳ್ಳು ಹೇಳಿರಲಿಲ್ಲ. ತನ್ನ ನಾಯಿಯ ಬಣ್ಣ ಕೇಳಿದಾಗ ತನ್ನ ನಾಯಿಯ ಬಣ್ಣವನ್ನೇ ಹೇಳಿದ್ದಳು. ಆಗ ರಕ್ತದ ಮಾತೇ ಬಂದಿರಲಿಲ್ಲ. ಆಮೇಲೆ ಮನೆಯ ಹಿಂದಿನಿಂದ ಬಂದದ್ದು ಬೇರೆ ನಾಯಿಯಾಗಿದ್ದರೆ, ನಮೂನೆಯೂ ಸರಿ, ನನ್ನ ನೆನಪೂ ಸರಿ. ಕರೆದಾಗ ನಾಯಿ ಬರಲಿಲ್ಲ ಎಂಬುದು ಆಗ ನೆನಪಾಯಿತು. ಸಾಕಿದವಳ ದನಿಗೆ ಬರದ ನಾಯಿ. ರವಿವಾರ ಮೈಲಾರನ ನಾಯಿಯ ಹಣೆಗೆ ಭಂಡಾರ ಹಚ್ಚುತ್ತಾರೆ, ನಾನು ಕಂಡ ನಾಯಿಯ ಹಣೆಯ ಮೇಲೆ ಅರಿಶಿನ ಇತ್ತೇ? ಎಷ್ಟು ತಿಣುಕಿದರೂ ಅದು ಮಾತ್ರ ನೆನಪಾಗಲಿಲ್ಲ. ಕಿವಿ ಬಿಟ್ಟು ಆ ನಾಯಿಗೆ ಮುಖವೇ ಇರಲಿಲ್ಲ.

ನಮೂನೆಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದೆ. ಮಗ ಎತ್ತಿ ಮುದುಕಿಯ ಕೈಗೆ ಕೊಟ್ಟ.

"ಅವ್ವಾ, ಅವತ್ತು ತಂದದ್ದು ಬಾಜೂ ಮನಿ ನಾಯಿ ಏನು?"

"ನಮ್ಮದಽ ಅಂತ ಎಷ್ಟ ಸಲ ಹೇಳಬೇಕು?"

"ಬಾಜೂ ಮನೀದು ಯಾವ ಬಣ್ಣದ್ದು?"

"ಕೆಂಚಂದು. ಊರಾಗ ಅರ್ಧ ನಾಯಿ ಕೆಂಚನವಽ ಅದಾವ. ಕುರಿ ಹಿಂದ ಎಲ್ಲಿ ಹೋಗೈತೋ, ಆಕಿ ಹೋದಾಗಿನಿಂದ ಕಂಡಿಲ್ಲ." ಆ ಹೆಂಗಸು ಬಸ್‌ಸ್ಟ್ಯಾಂಡ್ ಹತ್ತಿರದ ಸಣ್ಣ ದವಾಖಾನೆಯಲ್ಲಿದ್ದಾಳೆ ಎಂದಷ್ಟು ಹೇಳಿ ಫೋನ್ ಇಟ್ಟಳು.

ಊರಿಗೆ ಮರಳಿ ಹೋಗಿ ಕಿವಿ ನೋಡೋಣವೆಂದರೆ ನಾಯಿಯೇ ಇಲ್ಲ. ಸೀಸೆ ಆ ಹೆಂಗಸಿನ ನಾಯಿಯದೇ ಆಗಿದ್ದರೆ ಅವಳ ಜ್ವರ ಉಣ್ಣಿಯದಿರಬಹುದು. ಸರಿಯಾದ ಮಾತ್ರೆ ಬೀಳದಿದ್ದರೆ ಆ ಜ್ವರ ಎರಡನೇ ವಾರದಲ್ಲಿ ಮೂತ್ರಪಿಂಡಕ್ಕೋ ಮಿದುಳಿಗೋ ಇಳಿಯಬಹುದು. ಅವಳ ನಾಯಿಯದಲ್ಲದಿದ್ದರೆ ನಾನು ಒಬ್ಬ ವೈದ್ಯನ ದಾರಿ ತಪ್ಪಿಸಲು ಹೊರಟಿದ್ದೇನೆ. ಒಂದು ಕಡೆ ನನ್ನ ಸಹಿಯಿದ್ದ ಕಾಗದ ಮತ್ತು ಮುದುಕಿಯ ಮಾತು. ಇನ್ನೊಂದು ಕಡೆ ಒಂದು ಕಿವಿ. ಕುಕನೂರಿನಿಂದ ಕೊಪ್ಪಳದವರೆಗೆ ನಾನು ನಾಲ್ಕು ಸಲ ಮನಸ್ಸು ಬದಲಿಸಿದೆ. ನಾನು ಕೋಣೆಯ ಕಡೆ ತಿರುಗುವುದರಲ್ಲಿದ್ದಾಗ ಕಾಂಪೌಂಡರ್, "ಹೋಗಿ ಹೇಳೂಣ್ರಿ ಸರ. ನಂಬಿದ್ರ ನಂಬತಾರ, ಇಲ್ಲಂದ್ರ ಹೊರಗ ಕಳಸ್ತಾರ. ನಾಯಿ ಕೈಯಾಗ ಕಚ್ಚಿಸಿಕೊಂಡಾವ್ರು ನಾವು, ಡಾಕ್ಟರ್ ಏನ್ ಕಚ್ಚತಾನ?" ಎಂದರು.

ದವಾಖಾನೆಯ ಹೊರಗೆ ಆ ಹೆಂಗಸಿನ ಗಂಡ ಕುಳಿತಿದ್ದ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವವನು, ತಿಂಗಳಿಗೆ ಎರಡು ಸಲ ಊರಿಗೆ ಬರುವವನು. ಏಳು ದಿನದಿಂದ ಜ್ವರ, ತಲೆ ಸಿಡಿತ. ಟೈಫಾಯಿಡ್ ಇರಬಹುದೆಂದು ಮೂರು ದಿನದಿಂದ ಇಂಜೆಕ್ಷನ್ ನಡೆದಿದೆ, ಜ್ವರ ಇಳಿದಿಲ್ಲ ಎಂದ. ಅವನನ್ನೇ ಕರೆದುಕೊಂಡು ಒಳಗೆ ಹೋದೆ. ವೈದ್ಯರು ನನ್ನದೇ ವಯಸ್ಸಿನವರು. ವರದಿ ಮತ್ತು ನಮೂನೆ ಎರಡನ್ನೂ ಮುಂದಿಟ್ಟೆ.

"ಇದು ನಾಯಿ ರಿಪೋರ್ಟು" ಎಂದರು.

"ಹೌದ್ರಿ. ಒಳಗಿರೋ ಹೆಣಮಗಳ ನಾಯೀದು."

"ಮನಿ ಬ್ಯಾರೇದು ಬರದೈತಿ. ನಾಯಿ ಕರೀದು ಅಂತ ಐತಿ."

"ಬರದದ್ದು ತಪ್ಪೈತ್ರಿ."

"ಯಾರು ಬರದದ್ದು?"

"ನಾನಽ."

"ಬರದಾವ್ರು ನೀವಽ, ತಪ್ಪು ಅನ್ನಾವ್ರೂ ನೀವಽ. ನಾ ಇಬ್ಬರೊಳಗ ಯಾರನ್ನ ನಂಬಲಿ?"

ನ್ಯಾಯವಾದ ಪ್ರಶ್ನೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಕೆಂಚು ನಾಯಿ, ಎಡಗಿವಿ ಹರದೈತಿ. ನನ್ನ ಕೈಯಾಗ ಹಿಡದು ನೋಡೀನಿ. ನನಗ ಖಾತ್ರಿ ಐತಿ." ಖಾತ್ರಿ ಎಂಬ ಪದವನ್ನು ನಾನು ಎಷ್ಟೋ ವರ್ಷಗಳಿಂದ ಬಳಸಿರಲಿಲ್ಲ.

ವೈದ್ಯರು ಗಂಡನ ಕಡೆ ತಿರುಗಿದರು. "ನಿಮ್ಮ ನಾಯಿ ಕಿವಿ ಹರದೈತೇನು?"

ಅವನು ನನ್ನ ಮುಖ ನೋಡಿದ, ವೈದ್ಯರ ಮುಖ ನೋಡಿದ. "ಹರದಿರಬೇಕ್ರಿ. ಜಗಳಗಂಟ ನಾಯಿ ಅದು" ಎಂದ. ಇದರಿಂದ ಹೆಂಡತಿಗೆ ಒಳ್ಳೆಯದಾಗುವುದಾದರೆ ಅವನು ನಾಯಿಗೆ ಮೂರು ಕಿವಿ ಇದ್ದವೆಂದೂ ಹೇಳುತ್ತಿದ್ದ.

ವೈದ್ಯರು ಎದ್ದು ಒಳಕೋಣೆಗೆ ಹೋದರು. ನಾವು ಹಿಂದೆ ಹೋದೆವು. ಅವಳು ಕಣ್ಣು ಮುಚ್ಚಿ ಮಲಗಿದ್ದಳು. ತುಟಿಗಳು ಒಡೆದಿದ್ದವು.

"ಅವ್ವಾ, ನಾಯಿ ಮೈಮ್ಯಾಲಿನ ಉಣ್ಣಿ ತಗೀತಿದ್ದೇನು?" ಎಂದು ವೈದ್ಯರು ಕೇಳಿದರು.

ಅವಳು ಕಣ್ಣು ತೆರೆಯಲಿಲ್ಲ. ಎರಡೂ ಕೈ ಮೇಲೆತ್ತಿ ಒಂದು ಹೆಬ್ಬೆರಳಿನ ಉಗುರಿನ ಮೇಲೆ ಇನ್ನೊಂದನ್ನು ಒತ್ತಿ ತೋರಿಸಿದಳು, ಹೇನು ಕುಕ್ಕುವ ಹಾಗೆ. "ದಿನಾ ಮಧ್ಯಾಹ್ನ, ಸಾಲಿ ಕೆಲಸ ಮುಗಿಸಿ ಬಂದು. ತೊಡಿ ಮ್ಯಾಲ ತಲಿ ಇಟ್ಟು ಮಲಗತೈತ್ರಿ. ಚಿಟ್ ಅಂತಾವ."

ವೈದ್ಯರು ಆ ಕೈಯನ್ನು ಹಿಡಿದು ಅಂಗೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು. ಒಲೆಯ ಮುಂದೆ ಗಟ್ಟಿಯಾದ ಅಂಗೈ. ಅದರಲ್ಲಿ ಮಸುಕಾದ, ಕೆಂಪೋ ಕಂದೋ ಹೇಳಲಾಗದ ಚುಕ್ಕೆಗಳು. ಆಮೇಲೆ ಅಂಗಾಲು ನೋಡಿದರು. ಅಲ್ಲೂ ಇದ್ದವು. ಉಣ್ಣಿ ಜ್ವರದ ಚುಕ್ಕೆಗಳು ಏಳುವುದು ಹೀಗೆಯೇ. "ನಿನ್ನೆ ಇರಲಿಲ್ಲ ಇವು" ಎಂದರು, ತಮಗೇ ಹೇಳಿಕೊಂಡ ಹಾಗೆ. ಅದೇ ಮಧ್ಯಾಹ್ನ ಔಷಧ ಬದಲಾಯಿತು. ಡಾಕ್ಸಿಸೈಕ್ಲಿನ್, ಸಾದಾ ಮಾತ್ರೆ, ಯಾವ ಅಂಗಡಿಯಲ್ಲೂ ಸಿಗುವಂಥದ್ದು.

ಅದು ನನ್ನಿಂದ ಆಯಿತೇ? ಚುಕ್ಕೆಗಳು ಮಾರನೇ ದಿನ ಹೇಗೂ ಕಾಣುತ್ತಿದ್ದವು, ಅವರು ಹೇಗೂ ನೋಡುತ್ತಿದ್ದರು. ನಾನು ಹೋಗದಿದ್ದರೆ ಒಂದು ದಿನ ತಡವಾಗುತ್ತಿತ್ತು, ಅಷ್ಟೇ ಇರಬಹುದು. ಒಂದು ದಿನ ಸಾಕಾಗಿತ್ತು ಎಂದೂ ಇರಬಹುದು. ಮೂರನೇ ದಿನಕ್ಕೆ ಜ್ವರ ಇಳಿಯಿತೆಂದು ಗಂಡ ಫೋನ್ ಮಾಡಿದ. ಹಿಂದಿನ ಇಂಜೆಕ್ಷನ್ನೇ ತಡವಾಗಿ ಕೆಲಸ ಮಾಡಿರಬಹುದಲ್ಲ ಎಂದು ಆಗಲೂ ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ.

ಅದಾದ ಎರಡನೇ ರವಿವಾರ ಆ ಓಣಿಗೆ ಹೋದೆವು. ಅವಳು ತನ್ನ ಬಾಗಿಲ ಮುಂದೆ ಶಾಲು ಹೊದ್ದು ಕುಳಿತಿದ್ದಳು. ಕೆಂಚು ನಾಯಿ ವಾಪಸ್ ಬಂದು ಅವಳ ಪಾದದ ಹತ್ತಿರ ಮಲಗಿತ್ತು. ಪಕ್ಕದ ಮನೆಯ ಮುದುಕಿ ರೊಟ್ಟಿ ಹಿಡಿದು ಹೊರಗೆ ಬಂದಳು. ಅವಳ ಕಪ್ಪು ನಾಯಿ ಹಣೆಗೆ ಭಂಡಾರ ಹಚ್ಚಿಸಿಕೊಂಡು ಕಾಯುತ್ತಿತ್ತು. ಮುದುಕಿ ಅದನ್ನು ದಾಟಿ ಬಂದು ಮೊದಲ ತುಂಡನ್ನು ಕೆಂಚು ನಾಯಿಗೆ ಹಾಕಿದಳು. ಕಾಂಪೌಂಡರ್ ನನ್ನ ಮೊಣಕೈ ಮುಟ್ಟಿದರು.

"ನಾನಽ ಕೊಟ್ಟಿದ್ದೆ ಯವ್ವಾ" ಎಂದಳು ಮುದುಕಿ, ನಿಂತೇ. "ನಿನ್ನ ನಾಯಿ ರಕ್ತ. ನೀ ಶೇಂಗಾ ಕೀಳಾಕ ಹೋಗಿದ್ದಿ, ನಿನ್ನ ಕೇಳಲಿಲ್ಲ. ನಮ್ಮದಕ್ಕ ರವಿವಾರ ಸೂಜಿ ಹಚ್ಚಾಕ ಬರೂದಿಲ್ಲ, ಮನಿಗೆ ಬಂದಾವ್ರನ್ನ ಹಂಗ ಕಳಸಾಕೂ ಬರೂದಿಲ್ಲ. ಆಮ್ಯಾಲೆ ನೀ ಹಾಸಿಗಿ ಹಿಡದಿ. ನಿನ್ನ ಮನಿ ಜೀವದ ರಕ್ತ ಹೊರಗ ಕೊಟ್ಟದ್ದಕ್ಕಽ ಹಿಂಗಾತು ಅಂತ ಅಂಜಿದೆ. ಇವ ಕೇಳಿದಾಗೆಲ್ಲ ಸುಳ್ಳು ಹೇಳಿದೆ."

ಆ ಹೆಂಗಸು ನಗಲು ಹೋಗಿ ಕೆಮ್ಮಿದಳು. "ಆಯಿ, ರಕ್ತ ತಗದದ್ದಕ್ಕಽ ನಾ ಉಳದೀನಂತ. ನಿನ್ನ ನಾಯೀದು ಕೊಟ್ಟಿದ್ದಿ ಅಂದ್ರ ನಾ ಇಷ್ಟೊತ್ತಿಗೆ ಗ್ವಾಡಿ ಮ್ಯಾಲಿನ ಫೋಟೋ ಆಗಿರತಿದ್ದೆ."

"ಬಿಡ್ತು ಅನ್ನು" ಎಂದು ಮುದುಕಿ ಅವಳ ಪಕ್ಕದಲ್ಲಿ ಕುಳಿತಳು. ಉಳಿದ ರೊಟ್ಟಿ ಕಪ್ಪು ನಾಯಿಗೆ ಹೋಯಿತು.

ಅಲ್ಲಿಗೆ ನನ್ನ ಮನಸ್ಸು ಹಗುರಾಗಬೇಕಿತ್ತು. ನನ್ನ ಮಾತು ನಿಜವಾಗಿತ್ತು. ಆದರೆ ನಾನು ಕೆಂಚು ನಾಯಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಅದರ ಎಡಗಿವಿ ಎತ್ತಿ ನೋಡಿದೆ. ಇಡಿಯಾಗಿತ್ತು. ಎದುರಿನಿಂದ ನೋಡಿ ಎಡಬಲ ತಪ್ಪಿರಬೇಕೆಂದು ಬಲಗಿವಿ ನೋಡಿದೆ. ಅದೂ ಇಡಿಯಾಗಿತ್ತು. ಗಾಯವಾಗಿ ಮಾಯ್ದ ಗೆರೆಯೂ ಇರಲಿಲ್ಲ. ಒಳಗೆ ಮಾತ್ರ ಹೊಸ ಉಣ್ಣಿಗಳು ಹತ್ತಿದ್ದವು.

"ಏನ್ ನೋಡ್ತೀರಿ?" ಎಂದಳು ಅವಳು.

"ಕಿವಿ ಯಾವಾಗರ ಹರದಿತ್ತೇನ್ರಿ ಇದರದು?"

"ಇಲ್ರಿ. ಯಾಕ? ನಮ್ಮನಿಯಾವ ಹೇಳಿದ್ದ, ಕಿವಿ ಗುರುತು ಹಿಡದಽ ನೀವು ನಮ್ಮ ನಾಯಿ ಅಂದ್ರಂತ. ಮತ್ತ ಹೆಂಗ ಗೊತ್ತಾತ್ರಿ ನಿಮಗ?"

ಗೊತ್ತಿಲ್ರಿ ಎಂದೆ. ಅವಳು ಅದನ್ನು ವಿನಯ ಎಂದುಕೊಂಡಳೆಂದು ಕಾಣುತ್ತದೆ.

ಅಂದು ಸಂಜೆ ಅವ್ವನಿಗೆ ಫೋನ್ ಮಾಡಿದೆ. ಬೇರೆ ಏನೇನೋ ಮಾತಾಡಿ, ಕಿವಿ ಹರಿದ ಕೆಂಚು ನಾಯಿ ಎಲ್ಲಾದರೂ ನೋಡಿದ ನೆನಪಿದೆಯೇ ಎಂದು ಕೇಳಿದೆ.

"ಅದು ಹಿಟ್ಟಿನ ಗಿರಣಿಯವ್ರದಲ್ಲೇನೋ" ಎಂದಳು ತಡವಿಲ್ಲದೆ. "ಗಿರಣಿ ಬೆಲ್ಟಿಗೆ ಸಿಕ್ಕು ಕಿವಿ ಹರಕೊಂಡಿತ್ತು. ನಿನ್ನ ಹಿಂದ ಸಾಲಿತನಕ ಬರ್ತಿತ್ತು ನೋಡು, ಅದು."

ಹಾಗಾದರೆ ದವಾಖಾನೆಯಲ್ಲಿ ನಾನು ಖಾತ್ರಿ ಹೇಳಿದ್ದು ಯಾವ ನಾಯಿಯ ಬಗ್ಗೆ? ಯಲಬುರ್ಗಾದ ಹಳ್ಳಿಯ ನಾಯಿಗೆ ಕುಷ್ಟಗಿಯ ನಾಯಿಯ ಕಿವಿ ಹಚ್ಚಿ ಆಣೆ ಮಾಡಿದ್ದೆ. ಕೆಂಚು ಬಣ್ಣವಾದರೂ ನಾನು ಅಂದು ಕಂಡದ್ದೋ, ಅದೂ ಶಾಲೆಯ ದಾರಿಯದೋ? ಅಥವಾ ಅವ್ವ ಹೇಳಿದ ಬೆಲ್ಟಿನ ಸಂಗತಿಯೇ ಅವಳಿಗೆ ಆ ಕ್ಷಣ ಹೊಳೆದದ್ದೋ? ಕೇಳಲು ಮನಸ್ಸಾಗಲಿಲ್ಲ.

ಸೋಮವಾರ ಮತ್ತೆ ಹೋಗಿ, ಒಡತಿಯ ಒಪ್ಪಿಗೆ ಕೇಳಿ, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ ನಾಯಿಯ ರಕ್ತ ತೆಗೆದೆವು. ಈ ಸಲ ಮೊದಲು ನಾಯಿ, ಆಮೇಲೆ ನಮೂನೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ: ಕೆಂಚು, ಹೆಣ್ಣು, ಎರಡೂ ಕಿವಿ ಸರಿ ಇವೆ.

"ಸರಿ ಐತ್ರಿ" ಎಂದಳು ಅವಳು.

"ಸರಿ ಐತಿ ಸರ, ಸಹಿ ಮಾಡ್ರಿ" ಎಂದರು ಕಾಂಪೌಂಡರ್.

ಪೆನ್ನು ಕೈಯಲ್ಲೇ ಹಿಡಿದು, ನಾಯಿಯ ಎಡಗಿವಿಯ ತುದಿಯನ್ನು ಇನ್ನೊಮ್ಮೆ ಎರಡು ಬೆರಳಿನಲ್ಲಿ ಮುಟ್ಟಿ ನೋಡಿದೆ.